ನ್ಯೂಯಾರ್ಕಿನ ಹೆಸರುಗಳಲ್ಲಿ ಉಳಿದವರು

ನ್ಯೂಯಾರ್ಕ್ ಎಂಬುದು ಇಂಗ್ಲಿಷರು ಇಟ್ಟ ಹೆಸರು. ಆದರೆ ಆ ನಗರದ ಬೀದಿ, ಬಡಾವಣೆಗಳ ಹೆಸರು ಕೆದಕಿದರೆ ಮೊದಲು ಸಿಗುವವರು ಡಚ್ಚರು. ಇನ್ನೂ ಕೆಳಗಿಳಿದರೆ ಆ ನೆಲದ ಮೂಲನಿವಾಸಿಗಳಾದ ಲೆನಾಪೆ ಜನ.

1609ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಹೆನ್ರಿ ಹಡ್ಸನ್ ಏಷ್ಯಾಕ್ಕೆ ಹತ್ತಿರದ ದಾರಿ ಹುಡುಕುತ್ತ ಇಲ್ಲಿಗೆ ಬಂದ. ದಾರಿ ಸಿಗಲಿಲ್ಲ. ಆದರೆ ಬೀವರ್ ಎಂಬ ಪ್ರಾಣಿಯ ತುಪ್ಪಳದ ಆಸೆಗೆ ವ್ಯಾಪಾರಿಗಳು ಬರತೊಡಗಿದರು. 1624ರಿಂದ ಡಚ್ ವೆಸ್ಟ್ ಇಂಡಿಯಾ ಕಂಪನಿ ಸಂಸಾರಸ್ಥರನ್ನೂ ಕರೆತಂದು ನೆಲೆಗೊಳಿಸಿತು.

ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ಕಾಗದವಿದೆ. 1626ರ ನವೆಂಬರ್ 5ರಂದು ಪೀಟರ್ ಸ್ಖಾಗೆನ್ ಎಂಬ ಅಧಿಕಾರಿ ಬರೆದದ್ದು. ಹಡಗೊಂದು ಬಂದಿದೆ, ಅದರಲ್ಲಿ 7,246 ಬೀವರ್ ಚರ್ಮಗಳಿವೆ. ನಮ್ಮ ಹೆಂಗಸರಿಗೆ ಅಲ್ಲಿ ಮಕ್ಕಳಾಗಿವೆ. ಮ್ಯಾನ್‌ಹಟನ್ ದ್ವೀಪವನ್ನು ಅಲ್ಲಿನ ಕಾಡುಜನರಿಂದ 60 ಗಿಲ್ಡರ್ ಬೆಲೆಗೆ ಕೊಂಡಿದ್ದಾರೆ ಎಂದು ಅದರ ಒಕ್ಕಣೆ. ತುಪ್ಪಳದ ಲೆಕ್ಕ ಒಂದೂ ತಪ್ಪದಂತೆ ಬರೆದವನು ನೆಲ ಕೊಟ್ಟವರ ಒಂದು ಹೆಸರನ್ನೂ ಬರೆದಿಲ್ಲ. ಈ ಕಾಗದದಲ್ಲಿ ನನ್ನನ್ನು ಅತಿಯಾಗಿ ಕಲಕುವುದು ಇದೇ.

ಆ ದ್ವೀಪದಲ್ಲಿ ಡಚ್ಚರು ಕಟ್ಟಿಕೊಂಡ ಊರಿಗೆ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂದು ಹೆಸರಾಯಿತು. ವಲಸೆ ಬಂದವರು ತಮ್ಮ ದೇಶದ ಊರುಗಳ ಹೆಸರನ್ನೇ ಸುತ್ತಲೂ ಇಟ್ಟುಕೊಂಡರು. ಬ್ರೂಕೆಲೆನ್ ಕ್ರಮೇಣ ಬ್ರೂಕ್ಲಿನ್ ಆಯಿತು, ಹಾರ್ಲೆಮ್ ಹಾರ್ಲೆಮ್ ಆಗಿಯೇ ಉಳಿಯಿತು. 1639ರಲ್ಲಿ ಬಂದ ಜೋನಾಸ್ ಬ್ರಾಂಕ್ ಉತ್ತರದಲ್ಲಿ ಹೊಲ ಮಾಡಿದ. ಅವನ ಹೆಸರು ಪಕ್ಕದ ಹೊಳೆಗೆ ಅಂಟಿ, ಅಲ್ಲಿಂದ ಬ್ರಾಂಕ್ಸ್ ಬಂತು. ಬೌವರಿ ಬೀದಿ ಡಚ್ಚರ ತೋಟಗಳಿಗೆ ಹೋಗುವ ದಾರಿಯಾಗಿತ್ತು. ಜಗತ್ತಿನ ದುಡ್ಡಿನ ಕೇಂದ್ರವಾದ ವಾಲ್ ಸ್ಟ್ರೀಟ್ ಇರುವ ಕಡೆ 1653ರಲ್ಲಿ ಮರದ ಗೋಡೆಯೊಂದು ಎದ್ದಿತ್ತು. ಅದಕ್ಕಾಗಿ ದುಡಿದವರಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರೂ ಇದ್ದರು. ಅವರ ಹೆಸರು ಯಾವ ಬೀದಿಗೂ ಬರಲಿಲ್ಲ.

1664ರಲ್ಲಿ ಇಂಗ್ಲಿಷ್ ಯುದ್ಧನೌಕೆಗಳು ಬಂದವು. ಗವರ್ನರ್ ಪೀಟರ್ ಸ್ಟೈವೆಸೆಂಟ್ ಕಾದಾಡದೆ ಊರನ್ನು ಒಪ್ಪಿಸಿದ. ಎರಡನೆಯ ಚಾರ್ಲ್ಸ್ ದೊರೆ ಈ ಸೀಮೆಯನ್ನು ತಮ್ಮನಾದ ಯಾರ್ಕಿನ ಡ್ಯೂಕ್ ಜೇಮ್ಸ್‌ಗೆ ಕೊಟ್ಟಿದ್ದರಿಂದ ಊರು ನ್ಯೂಯಾರ್ಕ್ ಆಯಿತು. 1673ರಲ್ಲಿ ಡಚ್ಚರು ಮತ್ತೆ ಗೆದ್ದು ನ್ಯೂ ಆರೆಂಜ್ ಎಂದು ಕರೆದರು. ಮರುವರ್ಷ ಒಪ್ಪಂದವಾಗಿ ಪುನಃ ನ್ಯೂಯಾರ್ಕ್. ಅರಮನೆಯವರು ಇಟ್ಟ ಹೆಸರು ಹೀಗೆ ಹತ್ತು ವರ್ಷದಲ್ಲಿ ಮೂರು ಸಲ ಬದಲಾದರೂ ಒಕ್ಕಲುತನ ಮಾಡಿಕೊಂಡಿದ್ದವರು ಕರೆದ ಬ್ರೂಕ್ಲಿನ್, ಹಾರ್ಲೆಮ್ ಅಳಿಯಲಿಲ್ಲ. ದಿನ ಬೆಳಗಾದರೆ ಜನ ಬಾಯಲ್ಲಿ ಆಡುವ ಹೆಸರಿಗೆ ಆ ಬಲವಿದೆ ಎಂದೇ ನನ್ನ ನಂಬಿಕೆ.

ಲೆನಾಪೆಗಳ ನುಡಿಯಿಂದ ಮ್ಯಾನ್‌ಹಟನ್ ಎಂಬ ಹೆಸರು ಉಳಿಯಿತು, ಅವರು ಅಲ್ಲಿ ಉಳಿಯಲಿಲ್ಲ. ಇಂಗ್ಲಿಷರು ಅವರಿಗೂ ಬೇರೆ ಹೆಸರಿಟ್ಟರು: ವರ್ಜೀನಿಯಾದ ಗವರ್ನರ್ ಲಾರ್ಡ್ ಡೆ ಲಾ ವಾರ್‌ನ ಹೆಸರು ಮೊದಲು ಕೊಲ್ಲಿಗೆ, ನದಿಗೆ ಬಂದು, ಆಮೇಲೆ ಆ ಜನಕ್ಕೇ ಅಂಟಿ ಅವರು 'ಡೆಲವೇರ್'ಗಳಾದರು. ಹೆಜ್ಜೆಹೆಜ್ಜೆಗೂ ಪಶ್ಚಿಮಕ್ಕೆ ತಳ್ಳಲ್ಪಟ್ಟ ಅವರ ಸಂತತಿಯವರು ಇಂದು ಒಕ್ಲಹೋಮಾದಲ್ಲೂ ಕೆನಡಾದ ಒಂಟಾರಿಯೊದಲ್ಲೂ ಇದ್ದಾರೆ. ತಮ್ಮನ್ನು ಲೆನಾಪೆ ಎಂದೇ ಕರೆದುಕೊಳ್ಳುತ್ತಾರೆ.