ಕಪಾಟಿನಲ್ಲಿಟ್ಟ ಮೊಬೈಲ್
(ಜುಮಾ ಪ್ರವಚನದ ಸಾರಾಂಶ)



ಕಳೆದ ರಮಝಾನಿನ ಕೊನೆಯ ಹತ್ತರಲ್ಲಿ ನಮ್ಮ ಮಸೀದಿಯಲ್ಲಿ ಇಅ್‌ತಿಕಾಫ್ ಕುಳಿತವರು ನಾವು ಏಳು ಮಂದಿ. ಇಪ್ಪತ್ತನೇ ಉಪವಾಸದ ದಿನ ಅಸರ್ ನಮಾಝ್ ಮುಗಿಸಿ ಎಲ್ಲರ ಮೊಬೈಲುಗಳನ್ನು ಸ್ವಿಚ್ ಆಫ್ ಮಾಡಿ ಒಂದು ಬಟ್ಟೆಯ ಚೀಲಕ್ಕೆ ಹಾಕಿದೆವು. ಮುಅದ್ದಿನರ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆವು. ಸಲಹೆ ಮಿಂಬರಿನಿಂದಲೇ ಬಂದಿದ್ದರಿಂದ ಚೀಲಕ್ಕೆ ಮೊದಲು ಬೀಳಬೇಕಾದದ್ದು ಇಮಾಮರ ಮೊಬೈಲ್. ಬಿದ್ದಿತು.

ಅದೇ ರಾತ್ರಿ ತರಾವೀಹ್‌ನ ಪ್ರತಿ ಸಲಾಮಿಗೂ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಖಾಲಿ ಕಿಸೆಯಲ್ಲಿ ಮೊಬೈಲ್ ನಡುಗಿದಂತಾಯಿತು ಎಂದು ಒಬ್ಬರು ಹೇಳಿದಾಗ ಎಲ್ಲರೂ ನಕ್ಕೆವು, ನಮಗೂ ಹಾಗೇ ಆಗಿತ್ತೆಂದು ಮಾತ್ರ ಯಾರೂ ಹೇಳಲಿಲ್ಲ. ಮರುದಿನ ಕುರ್‌ಆನ್ ಬಿಡಿಸಿ ಕುಳಿತರೆ ಅರ್ಧ ಪುಟಕ್ಕೊಮ್ಮೆ ತಲೆ ಎತ್ತುತ್ತಿದ್ದೆವು. ಯಾರೂ ಕರೆದಿರಲಿಲ್ಲ. ಅಡಿಕೆ ವ್ಯಾಪಾರದ ಸಹೋದರರೊಬ್ಬರು ನಮಾಝಿಗೆ ಬಂದವರನ್ನೆಲ್ಲ ಹಿಡಿದು ಇವತ್ತಿನ ಕ್ಯಾಂಪ್ಕೋ ಧಾರಣೆ ಎಷ್ಟು ಎಂದು ವಿಚಾರಿಸುತ್ತಿದ್ದರು. ಮೊಬೈಲಿನ ಹಾವಳಿಯ ಬಗ್ಗೆ ಇದೇ ಮಿಂಬರಿನಿಂದ ಯುವಕರಿಗೆ ಎಷ್ಟು ಸಲ ಉಪದೇಶ ಮಾಡಿದ್ದೇವೆ! ನಮ್ಮ ಕೈ ಎಲ್ಲಿಗೆ ಹೋಗುತ್ತದೆಂದು ನಾವೇ ನೋಡಿರಲಿಲ್ಲ.

2019ರ ಡಿಸೆಂಬರ್ 19ರ ರಾತ್ರಿಯಿಂದ ನಮ್ಮ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಮರುದಿನ ಶುಕ್ರವಾರ. ಮಂಗಳೂರಿನಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಚಡಪಡಿಸಿದ್ದೆವು. ಆಗ ನಿಲ್ಲಿಸಿದವರನ್ನು ದೂರಬಹುದಿತ್ತು. ಈ ಸಲ ಬೀಗ ಹಾಕಿಸಿದವರು ನಾವೇ, ದೂರಲು ಯಾರೂ ಇರಲಿಲ್ಲ.

ಪ್ರವಾದಿ(ಸ)ರವರು ಒಮ್ಮೆ ಚಿತ್ತಾರವಿದ್ದ ಹೊದಿಕೆ ಹೊದ್ದು ನಮಾಝ್ ಮಾಡಿದರು. ನಮಾಝಿನಲ್ಲಿ ದೃಷ್ಟಿ ಒಮ್ಮೆ ಆ ಚಿತ್ತಾರದ ಕಡೆ ಹೋಯಿತು. ನಮಾಝ್ ಮುಗಿದೊಡನೆ ಅದನ್ನು ಅಬೂಜಹ್‌ಮ್(ರ)ರಿಗೆ ಕಳುಹಿಸಿ, ಬದಲಿಗೆ ಅವರ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಆಯಿಶಾ(ರ) ವರದಿ ಮಾಡಿದ ಈ ಘಟನೆ ಬುಖಾರಿಯಲ್ಲಿದೆ. ಹೊದಿಕೆ ಹರಾಮ್ ಆಗಿರಲಿಲ್ಲ. ಅದನ್ನು ಬಿಸಾಡಲಿಲ್ಲ, ಹರಿಯಲೂ ಇಲ್ಲ. ಒಮ್ಮೆ ಕಣ್ಣು ಹೋಯಿತು ಎಂಬಷ್ಟಕ್ಕೇ ಮೈಮೇಲಿಂದ ತೆಗೆದರು. ನಾವೋ, ಸಲಾಮ್ ಹೇಳಿ ತಲೆ ತಿರುಗಿಸುವ ಮೊದಲೇ ಕಿಸೆ ತಡವುವವರು.

ಐದಾರು ದಿನ ಕಳೆದ ಮೇಲೆ ಕೈ ಸುಮ್ಮನಾಯಿತು. ಗೆದ್ದೆವು ಅಂದುಕೊಂಡೆವು. ಆಗ ಒಂದು ಸಂಜೆ ನಮ್ಮ ಜಮಾಅತಿನ ಹಿರಿಯರೊಬ್ಬರು ಬಂದು ಹತ್ತಿರ ಕುಳಿತರು. ಅವರ ಬಳಿ ಇರುವುದು ಹಳೆಯ ಕೀಪ್ಯಾಡ್ ಫೋನ್, ಅದಕ್ಕೂ ಅವರ ತೋಟದಲ್ಲಿ ಸರಿಯಾದ ನೆಟ್‌ವರ್ಕ್ ಇಲ್ಲ. "ಉಸ್ತಾದರೇ, ಶಅಬಾನಿನಲ್ಲಿ ತೀರಿಹೋದರಲ್ಲ, ಅವರು ನನ್ನ ಜೊತೆ ಮದ್ರಸಕ್ಕೆ ಬರುತ್ತಿದ್ದವರು. ನನಗೆ ಗೊತ್ತಾದದ್ದು ನಾಲ್ಕನೇ ದಿನ. ನೀವು ಗ್ರೂಪಿನಲ್ಲಿ ಹಾಕಿದ್ದೀರಂತೆ" ಎಂದರು. ದೂರುವ ದನಿಯೂ ಅದರಲ್ಲಿರಲಿಲ್ಲ.

ಹೌದು, ಹಾಕಿದ್ದೆವು. ಸುಬ್‌ಹಿಯ ಬಳಿಕ ಮೂರು ಗ್ರೂಪುಗಳಿಗೆ ಮರಣ ವಾರ್ತೆ ಕಳುಹಿಸಿದ್ದೆವು. ಸಾಲುಸಾಲಾಗಿ 'ಇನ್ನಾಲಿಲ್ಲಾಹಿ' ಬಂದಿತ್ತು. ಅದನ್ನು ನೋಡಿ ತಿಳಿಸುವ ಕೆಲಸ ಮುಗಿಯಿತು ಎಂದು ಮೊಬೈಲ್ ಕಿಸೆಗಿಳಿಸಿದ್ದೆವು. ದಫನಕ್ಕೆ ಬಂದವರು ಆ ಸಾಲಿನಲ್ಲಿದ್ದವರ ಅರ್ಧದಷ್ಟೂ ಇರಲಿಲ್ಲ. ಬಂದೇ ಬರುತ್ತಿದ್ದ ಒಬ್ಬರಿಗೆ ಸುದ್ದಿಯೇ ತಲುಪಿರಲಿಲ್ಲ.

ಸಲಾಮಿಗೆ ಉತ್ತರಿಸುವುದು, ರೋಗಿಯನ್ನು ಸಂದರ್ಶಿಸುವುದು, ಜನಾಝವನ್ನು ಹಿಂಬಾಲಿಸುವುದು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕುಗಳು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಜನಾಝ ನಮಾಝಿನಲ್ಲಿ ಪಾಲ್ಗೊಂಡು ದಫನದವರೆಗೆ ನಿಂತವನಿಗೆ ದೊಡ್ಡ ಎರಡು ಬೆಟ್ಟಗಳಷ್ಟು ಪ್ರತಿಫಲವಿದೆ. ಆ ಹಿರಿಯರ ಎರಡು ಬೆಟ್ಟಗಳನ್ನು ತಪ್ಪಿಸಿದವರು ನಾವು. ಅವರಲ್ಲಿ ಕ್ಷಮೆ ಕೇಳಿದೆವು. "ಅಲ್ಲಾಹು ದೊಡ್ಡವನು, ಬಿಡಿ" ಎಂದು ಎದ್ದು ಹೋದರು. ಆ ರಾತ್ರಿ ಕಪಾಟಿನಲ್ಲಿದ್ದ ಮೊಬೈಲಿನ ನೆನಪು ಮತ್ತೆ ಬಂತು, ಬೇರೆ ರೀತಿಯಲ್ಲಿ.

ನಮ್ಮದು ಪುತ್ತೂರು ಪೇಟೆಯಂತೆ ಮನೆಗೆ ಮನೆ ಅಂಟಿಕೊಂಡಿರುವ ಊರಲ್ಲ. ಸುಳ್ಯ, ಕಡಬ ಕಡೆ ಹೋದಂತೆ ತೋಟಕ್ಕೊಂದು ಮನೆ, ನಡುವೆ ಗುಡ್ಡ. ಹಿಂದೆ ಮರಣವಾದರೆ ತೋಡು ದಾಟಿ, ಅಡಿಕೆ ಮರದ ಸಂಕ ದಾಟಿ ಒಬ್ಬ ಹುಡುಗ ಅಂಗಳಕ್ಕೆ ಬಂದು ಹೇಳುತ್ತಿದ್ದ. ಕೇಳಿದವರು ಹೆಗಲಿಗೆ ಶಾಲು ಹಾಕಿ ಅವನ ಹಿಂದೆಯೇ ಹೊರಡುತ್ತಿದ್ದರು. ಈಗ ಮಳೆಗೆ ಕರೆಂಟ್ ಹೋದರೆ ಅದರ ಬೆನ್ನಿಗೇ ನೆಟ್‌ವರ್ಕೂ ಹೋಗುತ್ತದೆ.

ಮೊಬೈಲ್ ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. 2021ರ ಜೂನ್‌ನಲ್ಲಿ ಸುಳ್ಯದ ಗುತ್ತಿಗಾರು ಬಳಿಯ ಬಳ್ಳಕದಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಆ ತಂದೆಗೆ ಹೇಳುವ ಮಾತೇ ಅದು? ದಮ್ಮಾಮಿನಲ್ಲಿರುವ ಮಗನ ಮುಖವನ್ನು ದಿನಕ್ಕೊಮ್ಮೆ ನೋಡುವ ತಾಯಿಗೆ? ನಾವೂ ಇಪ್ಪತ್ತೊಂಬತ್ತರ ಮಗ್ರಿಬ್ ಆದೊಡನೆ ಕಪಾಟು ತೆರೆಸಿದವರೇ. ಚಂದ್ರದರ್ಶನದ ಕುರಿತು ಖಾಝಿಯವರ ತೀರ್ಮಾನ ನಮಗೆ ತಲುಪುವುದೂ ಈಗ ಅದರಲ್ಲೇ.

ಆದರೆ ನಮ್ಮ ಕಾಲು ಮಾಡಬೇಕಾದ ಕೆಲಸವನ್ನು ಹೆಬ್ಬೆರಳಿಗೆ ವಹಿಸಿಬಿಟ್ಟಿದ್ದೇವೆ. ಆಸ್ಪತ್ರೆಯಲ್ಲಿರುವ ನೆರೆಯವನಿಗೆ ಕೈಮುಗಿದ ಚಿತ್ರವೊಂದನ್ನು ಕಳುಹಿಸಿದರೆ ಸಂದರ್ಶನ ಆಯಿತೇ? ಹತ್ತು ದಿನ ಕೈ ಕಟ್ಟಿ ಕುಳಿತಾಗ ನಮಗೆ ಕಂಡದ್ದು ಇದು.

ಜಮಾಅತ್ ಕಮಿಟಿಯೊಂದಿಗೆ ಮಾತಾಡಿ ಶವ್ವಾಲಿನಿಂದ ಒಂದು ಏರ್ಪಾಡು ಮಾಡಿದ್ದೇವೆ. ಮರಣವಾದರೆ ಗ್ರೂಪಿಗೆ ಹಾಕುವ ಮೊದಲು ಮಸೀದಿಯ ಮೈಕಿನಲ್ಲಿ ತಿಳಿಸುತ್ತೇವೆ. ಮೈಕ್ ಕೇಳದ, ವಾಟ್ಸ್‌ಆ್ಯಪ್ ಇಲ್ಲದ ಮನೆಗಳು ಹದಿನಾಲ್ಕು. ಇಬ್ಬಿಬ್ಬರು ಯುವಕರು ಬೈಕಿನಲ್ಲಿ ಹೋಗಿ ಅಂಗಳದಲ್ಲಿ ನಿಂತು ಹೇಳಿ ಬರಬೇಕು. ಯಾರಾದರೂ ಹಾಸಿಗೆ ಹಿಡಿದಿದ್ದರೆ ಒಳಗೆ ಹೋಗಿ ಕುಳಿತು ಮಾತಾಡಿಸಿಯೂ ಬನ್ನಿ. ಪಟ್ಟಿ ಮುಅದ್ದಿನರ ಬಳಿ ಇದೆ. ಬಿಟ್ಟುಹೋದ ಮನೆಯಿದ್ದರೆ ಇವತ್ತು ನಮಾಝ್ ಮುಗಿಸಿ ಹೇಳಿ ಹೋಗಿ. ತೋಡಿನ ಆಚೆಯ ಗುಡ್ಡದ ಎರಡು ಮನೆಗಳಿಗೆ ಹೋಗಲು ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.