ಕಡಿಮೆ ಖರ್ಚಿನಲ್ಲಿ ಗಿನಿಕೋಳಿ ಸಾಕಣೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಕೋಳಿಯ ಮಾತು ಯಾಕೆ ಅಂತ ಕೆಲವರು ಕೇಳಿದರು. ನಮ್ಮನ್ನು ಕರೆದದ್ದೇ ಅದಕ್ಕೆ. ಸಂಘದ ಮಹಿಳಾ ಸದಸ್ಯರು ಕೊಟ್ಟಿಗೆಯ ಜೊತೆಗೆ ಏನಾದರೂ ಸಣ್ಣ ಉಪಕಸುಬು ಬೇಕು, ಗಿನಿಕೋಳಿಗೆ ಸಾಲ ಕೊಡ್ತೀರಾ ಅಂತ ಅರ್ಜಿ ಹಾಕಿದ್ದಾರಂತೆ. ಆಡಳಿತ ಮಂಡಳಿಯವರು ತೀರ್ಮಾನಕ್ಕೆ ಮುಂಚೆ ಸಾಕಿದವರ ಬಾಯಲ್ಲೇ ಕೇಳೋಣ ಅಂತ ಪಕ್ಕದ ಊರಿನಿಂದ ನಮ್ಮನ್ನು ಬರಹೇಳಿದರು. ಆದ್ದರಿಂದ ಹೊಗಳಿಕೆ ಕಡಿಮೆ ಮಾಡಿ, ಲೆಕ್ಕ ಜಾಸ್ತಿ ಹೇಳುತ್ತೇವೆ.

ಗಿನಿಕೋಳಿ ನಮ್ಮ ನಾಡಿನ ಹಕ್ಕಿಯಲ್ಲ, ಆಫ್ರಿಕಾ ಮೂಲದ್ದು. ಮೈಯೆಲ್ಲ ಬೂದು ಬಣ್ಣ, ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ತಲೆ ಬೋಳು, ನೆತ್ತಿಯ ಮೇಲೆ ಒಂದು ಕೊಂಬಿನಂಥ ಗುಬುಟು. ಉತ್ತರ ಪ್ರದೇಶದ ಬರೇಲಿ ಹತ್ತಿರ ಇಜ್ಜತ್‌ನಗರದಲ್ಲಿರುವ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯವರು ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಅಂತ ಮೂರು ತಳಿ ಮಾಡಿದ್ದಾರೆ. ಹೆಸರು ಕೇಳಿದರೆ ಸಿನಿಮಾ ನಟಿಯರ ಹಾಗಿದೆ, ಕೂಗು ಕೇಳಿದರೆ ಹಾಗಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಇದು ಗೌಜಲು ಅಲ್ಲ, ಕಾಡುಕೋಳಿಯೂ ಅಲ್ಲ. ಗಿನಿಕೋಳಿ ಅಂತ ಹೇಳಿ ಯಾರಾದರೂ ಆ ಹಕ್ಕಿಗಳನ್ನು ಮಾರಲು ತಂದರೆ ಮುಟ್ಟಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವಾಗುತ್ತದೆ.

ಮೊದಲು ಸಾಲದ ವಿಚಾರ. ಎಮು ಹಕ್ಕಿಯ ಕಥೆ ನಿಮಗೆಲ್ಲ ನೆನಪಿರಬೇಕು. ಮರಿ ನಾವು ಕೊಡ್ತೀವಿ, ಆಹಾರ ನಾವು ಕೊಡ್ತೀವಿ, ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡ್ತೀವಿ ಅಂದವರನ್ನು ನಂಬಿ ಎಷ್ಟೋ ರೈತರು ಠೇವಣಿ ಕಟ್ಟಿದರು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ಅದು ಕುಸಿದು ಬಿತ್ತು. ರೈತನ ಹಿತ್ತಲಲ್ಲಿ ಹಕ್ಕಿ ಉಳಿಯಿತು, ಕೊಳ್ಳುವವನು ಉಳಿಯಲಿಲ್ಲ. ಎಮು ಕೆಟ್ಟ ಹಕ್ಕಿ ಅಂತ ಅಲ್ಲ. ಮಾರುಕಟ್ಟೆ ಇಲ್ಲದ ಹಕ್ಕಿಯನ್ನು ಸಾಲ ಮಾಡಿ ಸಾಕಿದ್ದೇ ಕೆಟ್ಟದ್ದು. ಗಿನಿಕೋಳಿಗೂ ನಮ್ಮ ಸಾಗರ-ಸೊರಬ ಸೀಮೆಯಲ್ಲಿ ನಾಟಿಕೋಳಿಗೆ ಇರುವ ಹಾಗೆ ಸಂತೆ ದರ ಅಂತ ಇಲ್ಲ. ಕೇಳುವವರು ಇದ್ದಾರೆ, ಆದರೆ ನೀವೇ ಹುಡುಕಿಕೊಳ್ಳಬೇಕು. ಆದ್ದರಿಂದ ಮನೆಗೆ ನೂರು ಹಕ್ಕಿ ಅಂತ ಸಂಘ ಸಾಲ ಕೊಡುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಸಂಘಕ್ಕೆ ಸಹಾಯ ಮಾಡುವ ಮನಸ್ಸಿದ್ದರೆ ಎರಡು ಕಡೆ ಮಾಡಲಿ: ಗೂಡಿಗೆ ಬೇಕಾದ ತಂತಿ ಜಾಲರಿಯನ್ನು ಒಟ್ಟಿಗೆ ತರಿಸಿ ಕಂತಿನಲ್ಲಿ ಕೊಡಲಿ, ಮೊಟ್ಟೆ ಸಂಗ್ರಹಿಸಿ ಮಾರಲು ಹಾಲಿನ ಡೇರಿಯ ಒಂದು ಮೂಲೆ ಬಿಟ್ಟುಕೊಡಲಿ. ಉಳಿದದ್ದು ಹದಿನೈದು ಮೊಟ್ಟೆ ಮತ್ತು ಕಾವಿಗೆ ಕೂತ ಒಂದು ನಾಟಿಕೋಳಿಯಿಂದ ಶುರುವಾಗಲಿ.

ಕಾವಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲ ಕೆಡುವುದು ಇಲ್ಲೇ. ನಾಟಿಕೋಳಿ ಮೊಟ್ಟೆ 21 ದಿನಕ್ಕೆ ಒಡೆಯುತ್ತದೆ. ಗಿನಿಕೋಳಿ ಮೊಟ್ಟೆಗೆ 26ರಿಂದ 28 ದಿನ ಬೇಕು. ಎರಡನ್ನೂ ಬೆರೆಸಿ ಇಟ್ಟರೆ ತಾಯಿಕೋಳಿ ತನ್ನ ಮರಿ ಎದ್ದ ಕೂಡಲೇ ಅವನ್ನು ಕರೆದುಕೊಂಡು ಹೊರಟುಬಿಡುತ್ತದೆ, ಗಿನಿ ಮೊಟ್ಟೆ ತಣ್ಣಗಾಗುತ್ತವೆ. ಬೆರೆಸಲೇಬೇಡಿ. ಕಾವಿಗೆ ಕೂತು ಹತ್ತು ದಿನವಾದ ಕೋಳಿಯೂ ಬೇಡ, ಕೊನೆಯವರೆಗೆ ಅದಕ್ಕೆ ತಾಳ್ಮೆ ಇರುವುದಿಲ್ಲ. ಆಗ ತಾನೆ ಕಾವಿಗೆ ಬಂದದ್ದನ್ನೇ ಆರಿಸಿ. ಗಿನಿ ಮೊಟ್ಟೆ ಚಿಕ್ಕದು, ಸುಮಾರು 40 ಗ್ರಾಂ, ಒಂದು ಕೋಳಿ ಕೆಳಗೆ ಹನ್ನೆರಡರಿಂದ ಹದಿನೈದು ಆರಾಮವಾಗಿ ಹಿಡಿಯುತ್ತದೆ. ಹೆಣ್ಣು ಗಿನಿಯೇ ಕೂರಲಿ ಅಂತ ಕಾಯಬೇಡಿ. ಅದು ಪೊದೆಯೊಳಗೆ ಕದ್ದು ಕೂರುತ್ತದೆ, ಕೂತರೂ ಮರಿ ಎಬ್ಬಿಸಿದ ಮೇಲೆ ಇಬ್ಬನಿ ಹುಲ್ಲಿನಲ್ಲಿ ಮರಿಗಳನ್ನು ಓಡಾಡಿಸಿ ಅರ್ಧಕ್ಕರ್ಧ ಕಳೆಯುತ್ತದೆ.

ಇನ್ನು ತಿಂಗಳ ಲೆಕ್ಕ. ಗಿನಿ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ಬೇಸಿಗೆ ಹತ್ತಿರ ಬಂದಾಗ ಶುರು ಮಾಡಿ ಮಳೆಗಾಲದ ಕೊನೆಯ ತನಕ ಇಡುತ್ತದೆ. ನಮ್ಮ ಮಲೆನಾಡಿನ ಜೂನ್ ಮಳೆಗೆ ಸಿಕ್ಕ ಎಳೆ ಮರಿ ಬದುಕುವುದು ಕಷ್ಟ, ಒದ್ದೆಯೇ ಅದಕ್ಕೆ ಯಮ. ಮಾರ್ಚ್ 10ರೊಳಗೆ ಕಾವಿಗೆ ಇಟ್ಟರೆ ಏಪ್ರಿಲ್ ಮೊದಲ ವಾರ ಮರಿ, ಮಳೆ ಹಿಡಿಯುವಷ್ಟರಲ್ಲಿ ಮರಿಗೆ ಎಂಟು ವಾರ ತುಂಬಿ ಪುಕ್ಕ ಬಲಿತಿರುತ್ತದೆ. ಮೇ ತಿಂಗಳ ಮೊಟ್ಟೆಯನ್ನು ತಿನ್ನಿ, ಮಾರಿ, ಕಾವಿಗೆ ಇಡಬೇಡಿ. ಮಲೆನಾಡಿನಲ್ಲಿ ಕ್ಯಾಲೆಂಡರ್ ನೋಡದೆ ಗಿನಿ ಸಾಕುವುದು ಆಗದ ಮಾತು.

ತಾಯಿಕೋಳಿ ಇಲ್ಲದೆ ಮರಿ ತಂದವರು ಬಿಸಿ ಕೊಡಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರುವುದು. ಥರ್ಮಾಮೀಟರ್ ಇಲ್ಲವೆಂದು ಚಿಂತೆ ಬೇಡ, ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಬಿದ್ದು ಗುಂಪುಗೂಡಿದರೆ ಚಳಿ, ಬಲ್ಬು ಬಿಟ್ಟು ಅಂಚಿಗೆ ಹೋಗಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೇ ತಂತಿ ಬಲ್ಬನ್ನೇ ಹುಡುಕಿ ತನ್ನಿ. ಕರೆಂಟು ಹೋದ ರಾತ್ರಿಗೆ ಬಿಸಿನೀರು ತುಂಬಿದ ಕ್ಯಾನಿಗೆ ಗೋಣಿ ಸುತ್ತಿ ಮಧ್ಯೆ ಇಟ್ಟರೆ ಸಾಕು, ಕೆಂಡದ ಮಡಕೆಗಿಂತ ಅದೇ ವಾಸಿ, ಹೊಗೆಯ ಭಯ ಇಲ್ಲ. ಕೆಳಗೆ ಪೇಪರ್ ಹಾಸಬೇಡಿ. ಜಾರಿ ಕಾಲು ಅಗಲವಾದ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಗೋಣಿತಾಟು ಹಾಸಿ. ನೀರಿನ ತಟ್ಟೆಯಲ್ಲಿ ಗೋಲಿಯಷ್ಟು ದಪ್ಪದ ಕಲ್ಲು ತುಂಬಿ, ಇಲ್ಲದಿದ್ದರೆ ಅರ್ಧ ಇಂಚು ನೀರಲ್ಲೂ ಮುಳುಗಿ ಸಾಯುವ ಜಾತಿ ಇದು.

ಮರಿಯ ಆಹಾರದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಕೋಳಿಮರಿಗಿಂತ ಇದಕ್ಕೆ ಪ್ರೋಟೀನು ಹೆಚ್ಚು ಬೇಕು, ನೂರಕ್ಕೆ 24ರಷ್ಟು. ಅಂಗಡಿಯ ಬ್ರಾಯ್ಲರ್ ಮರಿ ಆಹಾರಕ್ಕೆ ಬೇಯಿಸಿದ ಮೊಟ್ಟೆ ಪುಡಿ ಬೆರೆಸಿ ಕೊಡಿ. ಗೆದ್ದಲು ಸಿಕ್ಕರೆ ಬಂಗಾರ. ಹಳೇ ಮಡಕೆಯಲ್ಲಿ ಒದ್ದೆ ಸಗಣಿ, ಹುಲ್ಲು, ಗೋಣಿ ಚೂರು ತುಂಬಿ ಹುತ್ತದ ಪಕ್ಕ ಬೋರಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಹತ್ತಿರುತ್ತದೆ. ಆರು ವಾರ ಹೀಗೆ ನೋಡಿಕೊಂಡರೆ ಆಮೇಲೆ ಖರ್ಚು ಇಳಿಯುತ್ತದೆ. ದೊಡ್ಡದಾದ ಗಿನಿ ಹುಳು, ಕಳೆ ಬೀಜ, ಹುಲ್ಲು ಆರಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಸಂಜೆ ಒಂದೊಂದು ಹಿಡಿ ನುಚ್ಚು, ತೌಡು, ಜೊತೆಗೆ ಮೊಟ್ಟೆ ಇಡುವ ಕಾಲದಲ್ಲಿ ಸ್ವಲ್ಪ ಕಪ್ಪೆಚಿಪ್ಪಿನ ಪುಡಿ. ಬೂಸಲು ಹಿಡಿದ ಶೇಂಗಾ ಹಿಂಡಿಯನ್ನು ಇದು ತಡೆದುಕೊಳ್ಳುತ್ತದೆ ಅಂತಾರೆ. ತಡೆಯುವ ಶಕ್ತಿ ಕೋಳಿಗಿಂತ ಇರುವುದು ನಿಜ, ಹಾಗಂತ ದನ ತಿನ್ನದ್ದನ್ನು ಹಕ್ಕಿಗೆ ಸುರಿಯುವುದು ಸರಿಯಲ್ಲ.

ಗೂಡಿಗೆ ಬರೋಣ. ದೊಡ್ಡ ಹಕ್ಕಿಗೆ ತಲಾ ಮೂರು ಚದರಡಿ. ಇಪ್ಪತ್ತು ಹಕ್ಕಿಗೆ ಹತ್ತಡಿ ಉದ್ದ, ಆರಡಿ ಅಗಲ. ಕಂಬಕ್ಕೆ ಬಿದಿರು, ಗೋಡೆಗೆ ಅಡಿಕೆ ದಬ್ಬೆ, ಮೇಲೆ ಸೋಗೆ, ಇವು ನಮ್ಮ ತೋಟದಲ್ಲೇ ಇವೆ. ದುಡ್ಡು ಹಾಕಬೇಕಾದ್ದು ಒಂದೇ ಕಡೆ: ನೆಲದಿಂದ ಎರಡಡಿ ಎತ್ತರಕ್ಕೆ ಅರ್ಧ ಇಂಚಿನ ತಂತಿ ಜಾಲರಿ, ಅದರಲ್ಲಿ ಇನ್ನೂ ಒಂದಡಿ ಮಣ್ಣಿನೊಳಗೆ ಹೂಳಬೇಕು. ಮುಂಗುಸಿ, ಕಾಡುಬೆಕ್ಕು, ಹೆಗ್ಗಣ ಒಳಗೆ ಬರುವುದು ಬುಡದಿಂದಲೇ. ಸೋಗೆ ಸೋರಿದರೆ ಮುಂದಿನ ವರ್ಷ ಹೊದಿಸಬಹುದು, ಬುಡ ಕೊರೆದರೆ ಒಂದೇ ರಾತ್ರಿಗೆ ಮುಗಿಯಿತು.

ಗಿನಿ ನೆಲದ ಮೇಲೆ ಮಲಗುವುದಿಲ್ಲ, ಎತ್ತರ ಬೇಕು. ನಾಲ್ಕಡಿ ಎತ್ತರದಲ್ಲಿ ಎಂಟಡಿ ಉದ್ದದ ಎರಡು ಗಳ ಕಟ್ಟಿ, ಎರಡೂ ಒಂದೇ ಮಟ್ಟದಲ್ಲಿರಲಿ. ಒಂದು ಮೇಲೆ ಒಂದು ಕೆಳಗೆ ಮಾಡಿದರೆ ಮೇಲಿನ ಜಾಗಕ್ಕೆ ದಿನಾ ಸಂಜೆ ಪಂಚಾಯಿತಿ ಚುನಾವಣೆಯೇ. ಇನ್ನೊಂದು ಗುಟ್ಟು: ಕತ್ತಲೆ ಗೂಡಿನೊಳಗೆ ಇದು ಕಾಲಿಡುವುದಿಲ್ಲ. ಪಡುವಣ ಗೋಡೆಗೆ ಒಂದು ಜಾಲರಿ ಕಿಟಕಿ ಇಟ್ಟರೆ ಸಂಜೆ ಬಿಸಿಲು ಒಳಗೆ ಬಿದ್ದು ಬೆಳಕಾಗಿರುತ್ತದೆ, ತಾವಾಗಿ ಬರುತ್ತವೆ. ಮಳೆಗಾಲದಲ್ಲಿ ಆ ಕಿಟಕಿಗೆ ಗೋಣಿ ಇಳಿಬಿಟ್ಟು ಅರ್ಧ ಗಂಟೆ ಒಂದು ದೀಪ ಹಚ್ಚಿ. ಅದಕ್ಕೆ ಎಲ್‌ಇಡಿ ಆದೀತು.

ಹೊಸ ಹಕ್ಕಿ ತಂದ ಕೂಡಲೇ ಬಿಟ್ಟರೆ ಹಾರಿ ಹೋಗುತ್ತವೆ. ಆರು ವಾರ ಗೂಡಲ್ಲೇ ಇರಲಿ. ಆಮೇಲೆ ಸಂಜೆ ಆಹಾರದ ಹೊತ್ತಿಗೆ ಮುಂಚೆ ಒಂದನ್ನೋ ಎರಡನ್ನೋ ಮಾತ್ರ ಬಿಡಿ. ಒಂಟಿಯಾಗಿರುವುದು ಗಿನಿಗೆ ಆಗದ ಮಾತು, ಒಳಗಿನವರ ಕೂಗಿಗೆ ಹಿಂತಿರುಗುತ್ತದೆ. ದಿನಾ ಎರಡೆರಡು ಹೆಚ್ಚಿಸಿ. ಹಿಡಿಯಬೇಕಾದರೆ ಕಾಲು ಹಿಡಿದು ಎಳೆಯಬಾರದು, ಕೀಲು ತಪ್ಪುತ್ತದೆ. ರಾತ್ರಿ ಗಳದ ಮೇಲೆ ಕೂತಾಗ ಎರಡೂ ರೆಕ್ಕೆ ಸೇರಿಸಿ ಮೈ ಹಿಡಿದು ಎತ್ತಿ.

ಗಂಡು ಹೆಣ್ಣು ನೋಡಿ ತಿಳಿಯುವುದು ಕಷ್ಟ, ಕೇಳಿ ತಿಳಿಯಬೇಕು. ಎರಡು ತಿಂಗಳಾದ ಮೇಲೆ ಹೆಣ್ಣು ಎರಡು ತುಂಡಾಗಿ ಕೂಗುತ್ತದೆ, ಗಂಡಿನದು ಒಂದೇ ತುಂಡಿನ ಕೂಗು. ಹೆಣ್ಣು ಬೇಕಾದರೆ ಗಂಡಿನ ಹಾಗೂ ಕೂಗೀತು, ಗಂಡಿಗೆ ಮಾತ್ರ ಹೆಣ್ಣಿನ ಕೂಗು ಬರುವುದಿಲ್ಲ. ನಾಲ್ಕು ಹೆಣ್ಣಿಗೆ ಒಂದು ಗಂಡು ಇಟ್ಟುಕೊಳ್ಳಿ. ಹಾವು, ನಾಯಿ, ಹೊಸಬರು ಯಾರು ಬಂದರೂ ಊರೆಲ್ಲ ಕೇಳುವ ಹಾಗೆ ಕೂಗುತ್ತವೆ. ಒಂಟಿ ಮನೆಯವರಿಗೆ ಇದು ಕಾವಲು. ಸಾಲುಮನೆ ಕೇರಿಯವರು ಪಕ್ಕದ ಮನೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ಈ ಸೀಮೆಯವರು ಮುಖ್ಯವಾಗಿ ಕೇಳುವ ಪ್ರಶ್ನೆ: ಗಿನಿಕೋಳಿ ಉಣುಗು ತಿನ್ನುತ್ತದಂತೆ, ಸಾಕಿದರೆ ಮಂಗನ ಕಾಯಿಲೆ ಬರುವುದಿಲ್ಲವೇ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ, ನಮ್ಮ ಮನೆಗಳಲ್ಲಿ ಎಷ್ಟು ಜನ ಹೋಗಿದ್ದಾರೆ ಅಂತ ನಿಮಗೇ ಗೊತ್ತು. ಆದ್ದರಿಂದ ಈ ಮಾತನ್ನು ತೂಗಿ ಹೇಳುತ್ತೇವೆ. ಗಿನಿಕೋಳಿ ಉಣುಗು ತಿನ್ನುವುದು ನಿಜ. ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಡಿಮೆಯಾದದ್ದು ಬಲಿತ ದೊಡ್ಡ ಉಣುಗು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಮುಖ್ಯವಾಗಿ ಹತ್ತಿಸುವುದು ಕಣ್ಣಿಗೆ ಸರಿಯಾಗಿ ಕಾಣದ ಎಳೆ ಉಣುಗು. ಅಷ್ಟೇ ಅಲ್ಲ, ನೆಲದಲ್ಲಿ ಮೇಯುವ ಹಕ್ಕಿಗಳ ಮೈಗೂ ಎಳೆ ಉಣುಗು ಹತ್ತುತ್ತದೆ. ಹಕ್ಕಿ ಇದೆ ಅನ್ನುವ ಧೈರ್ಯದ ಮೇಲೆ ಯಾರೂ ಕಾಡಿಗೆ ಹೋಗಬೇಡಿ. ಮೈಗೆ ಹಚ್ಚುವ ಎಣ್ಣೆ, ಬಂದ ಮೇಲೆ ಬಿಸಿನೀರು ಸ್ನಾನ, ಮಂಗ ಸತ್ತರೆ ಆಸ್ಪತ್ರೆಗೆ ಸುದ್ದಿ, ಯಾವುದನ್ನೂ ಬಿಡುವ ಹಾಗಿಲ್ಲ. ಗಿನಿ ತೋಟದಲ್ಲೇ ಮೇಯಲಿ, ಕಾಡಂಚಿಗೆ ಬಿಡಬೇಡಿ. ಗೂಡಿಗೆ ಹಾಸಲು ಕಾಡಿನ ದರಕು ತರಲೇಬೇಡಿ, ಮಿಲ್ಲಿನ ಭತ್ತದ ಹೊಟ್ಟು ಹಾಸಿ. ಅದು ಒದ್ದೆಯಾದರೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ರೋಗ ಕಡಿಮೆ ಅಂತಾರೆ, ನಿಜವೇ. ಆದರೂ ಕೊಕ್ಕರೆ ರೋಗದ ಲಸಿಕೆ ಬೇಡ ಅನ್ನಬೇಡಿ, ಪಶು ಆಸ್ಪತ್ರೆಯಲ್ಲಿ ಕೇಳಿ ನಾಟಿಕೋಳಿಗೆ ಹಾಕಿಸುವಾಗಲೇ ಇದಕ್ಕೂ ಹಾಕಿಸಿ. ಜಂತು ಔಷಧವೂ ಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದ ಮೇಲೆ ಒಂದು ಪಾಠ ಎಲ್ಲರಿಗೂ ಆಯಿತು: ಒಟ್ಟೊಟ್ಟಿಗೆ ಹಕ್ಕಿ ಸತ್ತರೆ ಹಳ್ಳಕ್ಕೆ ಎಸೆಯುವುದಲ್ಲ, ಇಲಾಖೆಗೆ ಹೇಳುವುದು. ತೋಟಕ್ಕೆ ಔಷಧಿ ಹೊಡೆದ ದಿನ, ಮೈಲುತುತ್ತವೇ ಇರಲಿ ಬೇರೆ ಯಾವುದೇ ಇರಲಿ, ಹಕ್ಕಿಯನ್ನು ಗೂಡಿಂದ ಬಿಡಬೇಡಿ.

ಕೊನೆಗೆ ಆದಾಯದ ಮಾತು. ಚೆನ್ನಾಗಿ ನೋಡಿಕೊಂಡರೆ ಒಂದು ಹೆಣ್ಣು ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ ಅಂತ ಪುಸ್ತಕದಲ್ಲಿದೆ. ಬಿಟ್ಟು ಮೇಯಿಸುವವರಿಗೆ ಅಷ್ಟು ಕೈಗೆ ಸಿಗುವುದಿಲ್ಲ, ಪೊದೆಗೆ ಒಂದು ಪಾಲು. ಮಧ್ಯಾಹ್ನ ಕಳೆಯುವ ತನಕ ಗೂಡಲ್ಲೇ ಇಟ್ಟು ಆಮೇಲೆ ಬಿಟ್ಟರೆ ಬಹಳಷ್ಟು ಉಳಿಯುತ್ತದೆ. ಅರವತ್ತು ಅಂತ ಹಿಡಿಯಿರಿ. ಇಪ್ಪತ್ತರಲ್ಲಿ ಹದಿನಾರು ಹೆಣ್ಣಾದರೆ 960 ಮೊಟ್ಟೆ. ಚಿಪ್ಪು ದಪ್ಪ, ಬೇಗ ಒಡೆಯುವುದಿಲ್ಲ, ಬೇಗ ಕೆಡುವುದೂ ಇಲ್ಲ. ಹೆಚ್ಚಾದ ಗಂಡುಗಳನ್ನು ಮಾಂಸಕ್ಕೆ ಕೊಡಬಹುದು, ಬಲಿತದ್ದು ಒಂದೂವರೆ ಕಿಲೋ ಹತ್ತಿರ ತೂಗುತ್ತದೆ. ದರ ನಾವು ಹೇಳುವುದಿಲ್ಲ. ನಿಮ್ಮ ಪೇಟೆಯಲ್ಲಿ ನೀವೇ ನಾಲ್ಕು ಕಡೆ ಕೇಳಿ, ಕೊಳ್ಳುವವರು ಸಿಕ್ಕ ಮೇಲೆ ಸಂಖ್ಯೆ ಹೆಚ್ಚಿಸಿ. ಇವತ್ತು ಕಾವಿಗೆ ಇಟ್ಟ ಮೊಟ್ಟೆಯ ಹೆಣ್ಣು ಮೊದಲ ಮೊಟ್ಟೆ ಇಡುವುದು ಮುಂದಿನ ಬೇಸಿಗೆಗೆ, ಅಲ್ಲಿಯವರೆಗೆ ಕೈಯಿಂದಲೇ ಖರ್ಚು. ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ ಅನ್ನುವುದನ್ನು ಅರ್ಜಿ ಹಾಕಿದ ತಾಯಂದಿರು ಗಮನಿಸಬೇಕು.

ಕಾವಿಗೆ ಮೊಟ್ಟೆ ಬೇಕಾದವರು ಫೆಬ್ರವರಿ ಕೊನೆಗೆ ಡೇರಿಯಲ್ಲಿ ಹೆಸರು ಬರೆಸಿ. ಬುಟ್ಟಿಗೆ ಭತ್ತದ ಹೊಟ್ಟು ತುಂಬಿಕೊಂಡು ಬನ್ನಿ. ಬಸ್ಸಿನಲ್ಲಿ ಕುಲುಕಾಡಿದ ಮೊಟ್ಟೆಯನ್ನು ಹೋದ ಕೂಡಲೇ ಕೋಳಿಯಡಿ ಇಡದೆ, ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ಸುಮ್ಮನೆ ಇಟ್ಟು, ಮಾರನೇ ದಿನ ಸಂಜೆ ಕತ್ತಲಾದ ಮೇಲೆ ಇಡಿ.