ಬಾರ್ಬೆಲ್ ಎತ್ತಿದ ಕಾದಂಬರಿಕಾರ



‘ಶಾಂತಲಾ’ ಕಾದಂಬರಿಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅದನ್ನು ಬರೆದ ಕೆ.ವಿ. ಅಯ್ಯರ್ ವೃತ್ತಿಯಿಂದ ವ್ಯಾಯಾಮದ ಗುರುಗಳು. ಯೂಜಿನ್ ಸ್ಯಾಂಡೋ 1901ರಲ್ಲಿ ಲಂಡನ್ನಿನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದ ಮೇಲೆ ಮೈ ಹುರಿಗಟ್ಟಿಸುವ ಹುಚ್ಚು ಎಲ್ಲೆಡೆ ಹಬ್ಬಿತ್ತು. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಆ ಬಾರ್ಬೆಲ್ಲಿಗೆ ನಮ್ಮ ಸೂರ್ಯನಮಸ್ಕಾರವನ್ನು ಜೋಡಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ದೂರದ ಊರಿನವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದರು. ಆನ್‌ಲೈನ್ ಕೋಚಿಂಗ್ ನಮ್ಮದೇ ಶೋಧವೆಂದು ಬೀಗುವ ನಾವು, ಸಾಫ್ಟ್‌ವೇರಿನವರು, ಇದನ್ನು ಕೇಳಬೇಕು! ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರು. ಅವರು ಬಂದರೆ ವ್ಯಾಯಾಮಶಾಲೆಯೇ ಸಾಹಿತ್ಯದ ಹರಟೆಕಟ್ಟೆ.

ಓದುವ ಹುಡುಗ ಬೇರೆ, ಸಾಮು ಮಾಡುವ ಹುಡುಗ ಬೇರೆ ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಈಗಲೋ, ಎಸ್ಸೆಸ್ಸೆಲ್ಸಿಗೆ ಬಂದೊಡನೆ ಆಟದ ಪೀರಿಯಡ್ಡು ಗಣಿತದ ಪಾಲು. ಹಾಗೆ ಓದಿ ಬಂದವರು ಮೂವತ್ತೈದಕ್ಕೇ ಬೆನ್ನುನೋವೆಂದು ರಜೆ ಹಾಕುವುದನ್ನು ನಾನು ಆಫೀಸಿನಲ್ಲಿ ನೋಡುತ್ತಿದ್ದೇನೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತಿದೆ. ಕಟ್ಟಿಸಿ. ಜೊತೆಗೆ ಮೈದಾನದ ಮೂಲೆಯಲ್ಲಿ ಜೋತಾಡಿ ಮೈ ಎತ್ತಲು ಎರಡು ಕಬ್ಬಿಣದ ಬಾರ್ ನೆಡಿಸಿ, ಒಂದು ಹುಡುಗಿಯರಿಗೆ. ಹತ್ತನೇ ತರಗತಿಯ ಆಟದ ಪೀರಿಯಡ್ಡನ್ನೂ ಉಳಿಸಿಕೊಡಿ. ಬಾರಿನ ಖರ್ಚು ನಮ್ಮ ಬ್ಯಾಚಿನದು.